ಇಂದಿನ ಧಮ್ಮ ಚಿಂತನೆ: ಅಲೆ ಬಂತು, ನೀರು ಬರಲಿಲ್ಲ



ನಮ್ಮೂರು ಅರಸೀಕೆರೆ. ಹೆಸರಲ್ಲೇ ಕೆರೆ ಇದೆ, ಆದರೆ ನಮ್ಮ ಸೀಮೆಯ ಮಕ್ಕಳು ತುಂಬಿದ ಕೆರೆಯಲ್ಲಿ ಅಲೆ ಏಳುವುದನ್ನು ನೋಡುವುದು ಅಪರೂಪ. ಕಳೆದ ವಾರ ವಿಜ್ಞಾನದ ಮೇಷ್ಟ್ರು ರಜೆಯಲ್ಲಿದ್ದರು. ಕನ್ನಡದ ಮೇಷ್ಟ್ರಾದ ನಾನೇ ಅವರ ಪಿರಿಯಡ್ ತೆಗೆದುಕೊಂಡೆ. ಪಾಠ ಅಲೆಗಳದ್ದು. ನೀರಿನ ತೊಟ್ಟಿಯ ಸುತ್ತ ಮಕ್ಕಳನ್ನು ನಿಲ್ಲಿಸಿ, ಒಂದು ಒಣ ಬೇವಿನೆಲೆ ತೇಲಿಬಿಟ್ಟು, ಸಣ್ಣ ಕಲ್ಲು ಹಾಕಿದೆ. ಅಲೆ ಅಂಚಿಗೆ ಬಂದು ಬಡಿಯಿತು. ಎಲೆ ಮಾತ್ರ ಇದ್ದಲ್ಲೇ ಮೇಲೆ ಕೆಳಗೆ ಕುಣಿಯಿತು.

ಅಲೆಯ ಮೇಲಿನ ತುದಿ ಉಬ್ಬು, ಕೆಳಗಿನದು ತಗ್ಗು. ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಇರುವ ದೂರ ತರಂಗದೂರ. ಸೆಕೆಂಡಿಗೆ ಎಷ್ಟು ಅಲೆ ಹಾದುಹೋದವು ಎಂಬುದು ಆವೃತ್ತಿ. ನಿಂತ ನೀರಿನ ಮಟ್ಟದಿಂದ ಉಬ್ಬಿನ ತುದಿಯವರೆಗಿನ ಎತ್ತರ ಪಾರ. ಇಷ್ಟು ಪಠ್ಯಪುಸ್ತಕದ ಮಾತು. ನನ್ನ ಮನಸ್ಸು ನಿಂತದ್ದು ಎಲೆಯ ಹತ್ತಿರ. ಅಂಚು ಮುಟ್ಟಿದ್ದು ಕಲ್ಲು ಬಿದ್ದ ಜಾಗದ ನೀರಲ್ಲ, ಅಲ್ಲಿ ಹುಟ್ಟಿದ ಕದಲಿಕೆ. ಆತ್ಮವೇ ಇಲ್ಲದಿದ್ದರೆ ಕಮ್ಮದ ಫಲ ಹೇಗೆ ದಾಟುತ್ತದೆ ಎಂದು ನಮ್ಮ ಬಳಗದಲ್ಲಿ ಪ್ರತಿ ಸಲ ಯಾರಾದರೂ ಕೇಳುತ್ತೀರಿ. ಮಿಲಿಂದ ರಾಜನಿಗೆ ನಾಗಸೇನರು ದೀಪದಿಂದ ದೀಪ ಹಚ್ಚುವ ಉದಾಹರಣೆ ಕೊಟ್ಟರು. ನನಗೆ ಆ ಬೇವಿನೆಲೆಯೇ ಸಾಕಾಯಿತು.

ಇನ್ನು ಹೇಳಲು ನಾಚಿಕೆಯಾಗುವ ಭಾಗ. ಅಷ್ಟರಲ್ಲೇ ಒಬ್ಬ ಹುಡುಗ ತೊಟ್ಟಿಗೆ ದೊಡ್ಡ ಕಲ್ಲು ಎತ್ತಿ ಹಾಕಿದ. ನನ್ನ ಅಂಗಿ ತೋಯಿತು. ಎಲ್ಲರೆದುರು ಕೂಗಾಡಿಬಿಟ್ಟೆ. ಅವನ ಅಪ್ಪನನ್ನೂ ಎಳೆದು ತಂದೆ, ಅದು ಬೇಕಿರಲಿಲ್ಲ.

ಸಂಜೆ ಅದೇ ಪಾಠ ಮತ್ತೆ ಓದಿದೆ. ಪಾರ ಎರಡರಷ್ಟಾದರೆ ಅಲೆ ಹೊರುವ ಶಕ್ತಿ ನಾಲ್ಕರಷ್ಟಾಗುತ್ತದೆ, ಮೂರರಷ್ಟಾದರೆ ಒಂಬತ್ತರಷ್ಟು. ದನಿಯೂ ಅಲೆಯೇ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಮೆಲ್ಲಗೆ ಆಡಿದ ಮಾತೂ ಅದೇ ವೇಗ, ಕಿರುಚಿದ ಮಾತೂ ಅದೇ ವೇಗ. ಕೂಗಿದ್ದರಿಂದ ನನ್ನ ಮಾತು ಆ ಹುಡುಗನನ್ನು ಒಂದು ಕ್ಷಣವೂ ಮೊದಲು ತಲುಪಲಿಲ್ಲ. ಪೆಟ್ಟು ಮಾತ್ರ ದೊಡ್ಡದಾಯಿತು.

ಧಮ್ಮಪದದ ದಂಡವಗ್ಗದಲ್ಲಿ ಭಗವಾನರು ಬಿರುಸು ಮಾತಿನ ಬಗ್ಗೆ ಎಚ್ಚರಿಸಿ, ಒಡೆದ ಕಂಚಿನ ಜಾಗಟೆಯ ಹೋಲಿಕೆ ಕೊಡುತ್ತಾರೆ. ಎಂಎ ಓದುವಾಗ ಅದು ನನಗೆ ವಿಚಿತ್ರ ಅನ್ನಿಸಿತ್ತು. ಒಡೆದದ್ದನ್ನು ಯಾರಾದರೂ ಹೊಗಳುತ್ತಾರೆಯೇ? ಈಗ ಅರ್ಥವಾಗುತ್ತದೆ. ಗಟ್ಟಿ ಜಾಗಟೆಗೆ ಒಮ್ಮೆ ಹೊಡೆದರೆ ಅದು ನಡುಗುತ್ತಲೇ ಇರುತ್ತದೆ, ಮೊಳಗುತ್ತಲೇ ಇರುತ್ತದೆ. ಒಡೆದದ್ದು ಪೆಟ್ಟು ತಿಂದು ಅಲ್ಲಿಗೇ ಸುಮ್ಮನಾಗುತ್ತದೆ. ಆ ದಿನ ಅಂಗಿಗೆ ಬಿದ್ದ ನಾಲ್ಕು ಹನಿ ನೀರಿಗೆ ನಾನು ಊರಿಗೆಲ್ಲ ಕೇಳುವಂತೆ ಮೊಳಗಿದೆ.

ಹುಡುಗ ಅಂದಿನಿಂದ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಾನೆ. ಇವತ್ತು ಪ್ರಾರ್ಥನೆಗೆ ಮೊದಲೇ ಅವನನ್ನು ಕರೆದು ಮಾತಾಡಿಸಬೇಕು. ಏನೆಂದು ಶುರು ಮಾಡಬೇಕೋ ಇನ್ನೂ ಹೊಳೆದಿಲ್ಲ.

ಭವತು ಸಬ್ಬ ಮಂಗಲಂ. 🌸