ಯಜಮಾನನಿಲ್ಲದ ಯಜ್ಞ

ನಮ್ಮ ಕಾಲೇಜಿನ ಸರ್ವರ್ ರಾತ್ರಿ 2 ಗಂಟೆಗೆ ತಾನಾಗಿಯೇ ಬ್ಯಾಕಪ್ ತೆಗೆಯುತ್ತದೆ. ಹಿಂದೆ ಆ ಕಮಾಂಡನ್ನು ಸಂಜೆ ಹೊರಡುವ ಮುನ್ನ ನಾನೇ ಟೈಪ್ ಮಾಡುತ್ತಿದ್ದೆ. ಈಗ ಅದನ್ನೇ ಒಂದು ಸಣ್ಣ ಸ್ಕ್ರಿಪ್ಟ್‌ನಲ್ಲಿ ಬರೆದಿಟ್ಟು, ಗೊತ್ತುಮಾಡಿದ ಹೊತ್ತಿಗೆ ಕೆಲಸ ನಡೆಸುವ ತಂತ್ರಾಂಶವಾದ ಕ್ರಾನ್‌ಗೆ ಒಪ್ಪಿಸಿದ್ದೇನೆ. ವಿದ್ಯಾರ್ಥಿಗಳ ಅಂಕಪಟ್ಟಿಗಳು, ಗ್ರಂಥಾಲಯದ ಸ್ಕ್ಯಾನ್ ಪ್ರತಿಗಳು ಇನ್ನೊಂದು ಡಿಸ್ಕಿಗೆ ಹೋಗುವಾಗ ನಾನು ನಿದ್ದೆಯಲ್ಲಿರುತ್ತೇನೆ. ಹಾಗಾದರೆ ಆ ಕೆಲಸದ ಕರ್ತೃ ಯಾರು?

ಇದಕ್ಕೆ ವೇದದ ಕರ್ಮಗಳನ್ನು ವಿಚಾರಿಸುವ ಮೀಮಾಂಸಕರ ಬಳಿ ಒಂದು ಉತ್ತರವಿದೆ. ಶ್ರೌತಯಜ್ಞದಲ್ಲಿ ಅಧ್ವರ್ಯು ಆಹುತಿ ಹಾಕುತ್ತಾನೆ, ಹೋತೃ ಋಕ್ಕುಗಳನ್ನು ಹೇಳುತ್ತಾನೆ. ಫಲ ಮಾತ್ರ ಯಜ್ಞ ಮಾಡಿಸುವ ಯಜಮಾನನದು. ದಕ್ಷಿಣೆ ಕೊಟ್ಟು ಮಾಡಿಸಬಹುದಾದ ಕ್ರಿಯೆಗಳು ಅನೇಕ. ಆದರೆ ಸಂಕಲ್ಪವನ್ನೂ, ಈ ದ್ರವ್ಯ ಇನ್ನು ನನ್ನದಲ್ಲವೆಂದು ಬಿಟ್ಟುಕೊಡುವ ತ್ಯಾಗವನ್ನೂ ಅವನೇ ಮಾಡಬೇಕು. ಕೈಯನ್ನು ಬಾಡಿಗೆಗೆ ಪಡೆಯಬಹುದು, ಇಚ್ಛೆಯನ್ನು ಪಡೆಯಲಾಗದು.

ಮನೆಯಲ್ಲಿ ಇಷ್ಟಲಿಂಗ ಪೂಜೆ ನೋಡಿ ಬೆಳೆದ ನನಗೆ ಬಸವಣ್ಣನವರ ಆಕ್ಷೇಪ ಇನ್ನೂ ಹತ್ತಿರದ್ದು. ತನ್ನ ಲಿಂಗದ ನಿತ್ಯನೇಮವನ್ನು ತಾನೇ ಮಾಡಬೇಕು, ಪರರ ಕೈಯಲ್ಲಿ ಮಾಡಿಸುವಂತಿಲ್ಲ ಎಂಬುದು ಅವರ ನಿಲುವು. ಒಪ್ಪುತ್ತೇನೆ: ಪೂಜೆ ಬದಲಿಸಬೇಕಾದದ್ದು ಪೂಜಿಸುವವನನ್ನು. ಬ್ಯಾಕಪ್ ಹಾಗಲ್ಲ, ಅದರಿಂದ ಉಳಿಯಬೇಕಾದದ್ದು ಬೇರೆಯವರ ಬದುಕಿನ ದಾಖಲೆ. ದಣಿಯುವ, ಮರೆಯುವ ಕೈಗಿಂತ ಸ್ಕ್ರಿಪ್ಟ್ ಅದಕ್ಕೆ ಹೆಚ್ಚು ನಿಷ್ಠ. ಆದರೆ ದಿನವೂ ಕಮಾಂಡ್ ಕೊಡುವಾಗ ಪರದೆಯ ಮೇಲೆ ಕಣ್ಣು ಓಡುತ್ತಿತ್ತು; ಡಿಸ್ಕ್ ತುಂಬುತ್ತಿರುವುದು, ಫೈಲುಗಳು ಏಕಾಏಕಿ ಕಡಿಮೆಯಾದದ್ದು ತಿಳಿಯುತ್ತಿತ್ತು. ಆ ಎಚ್ಚರ ನಿತ್ಯನೇಮದ ಜಾತಿಯದು. ಅದನ್ನು ಸ್ಕ್ರಿಪ್ಟಿಗೆ ಒಪ್ಪಿಸಿ ಕೈತೊಳೆದುಕೊಳ್ಳುವುದು ಧರ್ಮವಲ್ಲ.

ಎಚ್ಚರ ತಪ್ಪಿದರೆ ಏನಾದೀತು? 1996ರಲ್ಲಿ ಬಂದ, ಫೈಲುಗಳ ಪ್ರತಿ ಮಾಡುವ ಆರ್‌ಸಿಂಕ್ ಎಂಬ ತಂತ್ರಾಂಶವನ್ನೇ ನೋಡಿ. ಅದರಲ್ಲಿ 'ಡಿಲೀಟ್' ಎಂಬ ಆಯ್ಕೆಯಿದೆ: ಮೂಲದಲ್ಲಿ ಇಲ್ಲದ ಫೈಲನ್ನು ಪ್ರತಿಯಲ್ಲೂ ಅಳಿಸು ಎಂದು ಅದರ ಅರ್ಥ. ಯಾವುದೋ ರಾತ್ರಿ ಮೂಲ ಡಿಸ್ಕ್ ಮೌಂಟ್ ಆಗದೆ, ಎಂದರೆ ಸರ್ವರಿಗೆ ಜೋಡಣೆಯಾಗದೆ, ಅಲ್ಲಿ ಬರಿಯ ಖಾಲಿ ಫೋಲ್ಡರ್ ಉಳಿದಿದ್ದರೆ, ಆರ್‌ಸಿಂಕ್ ಪ್ರತಿಯನ್ನೂ ಖಾಲಿಮಾಡಿ, ಎಲ್ಲ ಸರಿಯಾಯಿತೆಂದು ಸೊನ್ನೆಯ ಎಕ್ಸಿಟ್ ಕೋಡ್ ಕೊಡುತ್ತದೆ. ಅದು ಆಜ್ಞೆ ಮೀರಲಿಲ್ಲ. ನಿಲ್ಲು ಎನ್ನುವವರು ಅಲ್ಲಿರಲಿಲ್ಲ, ಅಷ್ಟೆ.

ಯಜ್ಞದಲ್ಲಿ ಇದಕ್ಕೆಂದೇ ಬ್ರಹ್ಮನೆಂಬ ಋತ್ವಿಜನಿದ್ದಾನೆ. ದಕ್ಷಿಣ ದಿಕ್ಕಿನಲ್ಲಿ ಬಹುಮಟ್ಟಿಗೆ ಮೌನವಾಗಿ ಕುಳಿತು, ಉಳಿದವರ ಲೋಪ ಗಮನಿಸಿ ಪ್ರಾಯಶ್ಚಿತ್ತ ಮಾಡಿಸುವುದು ಅವನ ಕೆಲಸ. ಎಲ್ಲವೂ ಕ್ರಮಬದ್ಧವಾಗಿರುವ ಕಡೆಯೇ ನೋಡುವವನೊಬ್ಬ ಬೇಕೆಂದು ಹಿರಿಯರು ಕಂಡುಕೊಂಡಿದ್ದರು. ಹಾಗಾಗಿ ನನ್ನ ಸ್ಕ್ರಿಪ್ಟಿನ ಮೊದಲ ಕೆಲಸ, ಡಿಸ್ಕ್ ಮೌಂಟ್ ಆಗಿದೆಯೇ ಎಂದು ಪರೀಕ್ಷಿಸಿ, ಇಲ್ಲದಿದ್ದರೆ ನಿಂತುಬಿಡುವುದು. ಬೆಳಿಗ್ಗೆ ಲಾಗ್ ಓದುವುದನ್ನೂ, ಆಗಾಗ ಒಂದೆರಡು ಫೈಲುಗಳನ್ನು ರೀಸ್ಟೋರ್ ಮಾಡಿ ತೆರೆದು ನೋಡುವುದನ್ನೂ ನನ್ನ ಕಣ್ಣಿಗೇ ಉಳಿಸಿಕೊಂಡಿದ್ದೇನೆ.

ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಸ್ಥಿತಿ. ಬರೆದವರು ಕೆಲಸ ಬಿಟ್ಟು ಹೋದ ಮೇಲೂ ಸ್ಕ್ರಿಪ್ಟ್ ಓಡುತ್ತಲೇ ಇರುತ್ತದೆ. ಏಕೆ ಬರೆದರು, ಏನನ್ನು ಅಳಿಸುತ್ತದೆ, ಯಾರಿಗೂ ತಿಳಿಯದು, ಮುಟ್ಟಲು ಭಯ. ಕ್ರಿಯೆ ಉಂಟು, ಸಂಕಲ್ಪವಿಲ್ಲ. ಆದ್ದರಿಂದ ಜೊತೆಯ ಕಿರಿಯರಿಗೆ ಹೇಳುತ್ತೇನೆ: ಸ್ಕ್ರಿಪ್ಟಿನ ತಲೆಯಲ್ಲಿ ಉದ್ದೇಶ ಬರೆಯಿರಿ, ಹೊಣೆಗಾರರ ಹೆಸರು ಬರೆಯಿರಿ. ಹೊಣೆ ಬೇರೆಯವರಿಗೆ ಹೋಗುವಾಗ ಸಾಲುಸಾಲಾಗಿ ಓದಿ ಒಪ್ಪಿಸಿ. ವಹಿಸಿಕೊಳ್ಳಲು ಯಾರೂ ಸಿಗದಿದ್ದರೆ ಅದನ್ನು ನಿಲ್ಲಿಸಿ. ಅಂಕಪಟ್ಟಿ ಅಳಿಸಿಹೋದರೆ ದೋಷ ಸ್ಕ್ರಿಪ್ಟಿಗೆ ಅಂಟುವುದಿಲ್ಲ, ಉಳಿದರೆ ಪುಣ್ಯವೂ ಅದಕ್ಕಿಲ್ಲ. ಎರಡನ್ನೂ ಹೊರಬಲ್ಲದ್ದು ಮನುಷ್ಯನ ಹೆಸರೊಂದೇ.