ಕಾಯಕದ ಫಲ ಮತ್ತು ಕಾರ್ಖಾನೆಯ ಕೂಲಿ

ದುಡಿಮೆಯ ಫಲ ದುಡಿಮೆಯೊಳಗೇ ಇದೆಯೋ ಅಥವಾ ಕೂಲಿಯ ರೂಪದಲ್ಲಿ ಅದರ ಹೊರಗಿದೆಯೋ ಎಂಬುದು ಕನ್ನಡದ ಧಾರ್ಮಿಕ ಚಿಂತನೆಯಲ್ಲಿ 12ನೆಯ ಶತಮಾನದಿಂದಲೂ ಜೀವಂತವಾಗಿರುವ ಪ್ರಶ್ನೆ. ಇಂದಿನ ನಿರ್ವಹಣಾಶಾಸ್ತ್ರ ಇದನ್ನು ಬೇರೆ ಪರಿಭಾಷೆಯಲ್ಲಿ ಕೇಳುತ್ತದೆ: ಸಂಬಳ, ಬೋನಸ್, ಬಡ್ತಿಗಳಂತೆ ಹೊರಗಿನಿಂದ ಬರುವುದು ಬಾಹ್ಯ ಪ್ರತಿಫಲ, ಕೆಲಸ ಮಾಡುತ್ತಿರುವಾಗಲೇ ಹುಟ್ಟುವ ತೃಪ್ತಿ, ಕೈ ಪಳಗಿತೆಂಬ ಅರಿವು, ತನ್ನ ದುಡಿಮೆ ಇನ್ನೊಬ್ಬರಿಗೆ ಒದಗಿತೆಂಬ ಸಮಾಧಾನ ಇವು ಆಂತರಿಕ ಪ್ರತಿಫಲ. ಕಪಿಲೆಯ ದಡದ ಸುತ್ತೂರು ಮಠವೂ ಪಾಳಿಯ ಮೇಲೆ ನಡೆಯುವ ತಾಂಡ್ಯ ಕೈಗಾರಿಕಾ ಪ್ರದೇಶವೂ ಒಂದೇ ನಂಜನಗೂಡು ತಾಲ್ಲೂಕಿನಲ್ಲಿರುವುದರಿಂದ, ಈ ಎರಡು ವಿಚಾರಗಳನ್ನು ಅಲ್ಲಿ ಬೇರೆಬೇರೆಯಾಗಿ ಇಟ್ಟು ನೋಡುವುದು ಕಷ್ಟ.

ಶರಣರು ಕಾಯಕವೆಂದು ಕರೆದದ್ದು ದೇಹದಿಂದ ನಡೆಯುವ, ಪ್ರಾಮಾಣಿಕವಾದ, ಮೇಲುಕೀಳೆಂಬ ಭೇದವಿಲ್ಲದ ದುಡಿಮೆಯನ್ನು. ಅದರಿಂದ ಬಂದದ್ದನ್ನು ಸಮುದಾಯದೊಡನೆ ಹಂಚಿಕೊಳ್ಳುವುದು ದಾಸೋಹ. ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನು ಇಷ್ಟಲಿಂಗ ಜಾರಿಬಿದ್ದಾಗಲೂ ಕೆಲಸ ಬಿಡಲೊಪ್ಪಲಿಲ್ಲವೆಂಬ ಕಥೆಯನ್ನು ಕೇಳದವರು ವಿರಳ. ಆಯ್ದಕ್ಕಿ ಮಾರಯ್ಯನ ಕಥೆ ಇನ್ನೂ ಸೂಕ್ಷ್ಮವಾದುದು. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಅವನು ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಾದುದನ್ನು ತಂದಲ್ಲಿಯೇ ಚೆಲ್ಲಿ ಬರುವಂತೆ ಅವನನ್ನು ಹಿಂದಕ್ಕೆ ಕಳುಹಿಸಿದಳು. ಅಕ್ಕಿಯ ಆಸೆ ಕಾಯಕದ ಸ್ಥಾನಕ್ಕೆ ಬಂದು ಕೂತರೆ ಕಾಯಕ ಕೆಡುತ್ತದೆಂಬುದು ಅವಳ ಆತಂಕವಾಗಿತ್ತು.

ಈ ಆತಂಕಕ್ಕೆ ಹೊಂದುವ ಒಂದು ಪ್ರಯೋಗವನ್ನು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದರು. ಆಸಕ್ತಿಯಿಂದ ಒಗಟಿನ ತುಂಡುಗಳನ್ನು ಜೋಡಿಸುತ್ತಿದ್ದ ವಿದ್ಯಾರ್ಥಿಗಳಿಗೆ ನಡುವೆ ಹಣ ಕೊಟ್ಟು, ಆಮೇಲೆ ನಿಲ್ಲಿಸಿದಾಗ, ಬಿಡುವಿನಲ್ಲಿ ಅವರು ಒಗಟಿಗೆ ಕೊಡುತ್ತಿದ್ದ ಸಮಯ ಕಡಿಮೆಯಾಯಿತು. ಆದರೆ ಡೆಸಿಯವರ ವಿದ್ಯಾರ್ಥಿಗಳು ಹೊಟ್ಟೆಪಾಡಿಗಾಗಿ ಒಗಟು ಬಿಡಿಸುತ್ತಿರಲಿಲ್ಲ. ಆದುದರಿಂದ ಈ ಪ್ರಯೋಗವನ್ನು ಕೂಲಿ ಕಡಿತದ ಸಮರ್ಥನೆಗೆ ಬಳಸುವುದು ಶುದ್ಧ ಅನ್ಯಾಯ.

ಆಯುಧಪೂಜೆಯ ದಿನ ಕಾರ್ಖಾನೆಗಳಲ್ಲಿ ಯಂತ್ರಗಳನ್ನು ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಬಾಗಿಲಲ್ಲಿ ಬೂದುಗುಂಬಳ ಒಡೆಯುತ್ತಾರೆ; ವರ್ಷವಿಡೀ ಅದೇ ಯಂತ್ರದ ಮುಂದೆ ನಿಂತ ಆಪರೇಟರನು ಅಂದು ಅದಕ್ಕೆ ಕೈಮುಗಿಯುತ್ತಾನೆ. ಆ ಭಕ್ತಿ ನಿಜವಾದುದು, ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರಿಗೆ ದುಡಿಮೆಯ ಒಳಗು ತಿಳಿಯದು. ಆದರೂ ಚಂದಯ್ಯನಿಗೂ ಈ ಆಪರೇಟರನಿಗೂ ದೊಡ್ಡ ಅಂತರವಿದೆ. ಹುಲ್ಲು ಕೊಯ್ಯುವುದರಿಂದ ಹಗ್ಗ ಮಾರುವವರೆಗಿನ ಇಡೀ ಕೆಲಸ ಚಂದಯ್ಯನ ಕೈಯಲ್ಲಿತ್ತು, ಎಷ್ಟು ಹೊಸೆಯಬೇಕೆಂಬುದನ್ನು ಅವನೇ ನಿರ್ಧರಿಸುತ್ತಿದ್ದನು. ಆಪರೇಟರನ ಕೈಗೆ ಬರುವುದು ಒಂದು ಬಿಡಿಭಾಗ ಮಾತ್ರ, ಅದು ಎಲ್ಲಿ ಹೋಗಿ ಏನಾಗುತ್ತದೆಂದು ಅವನಿಗೆ ಯಾರೂ ಹೇಳುವುದಿಲ್ಲ, ಗಂಟೆಗೆ ಎಷ್ಟು ಎಂಬ ಟಾರ್ಗೆಟ್ ಬೇರೆ ಕಡೆಯಿಂದ ಬರುತ್ತದೆ, ಗುತ್ತಿಗೆಯ ಮೇಲಿದ್ದರೆ ಮುಂದಿನ ವರ್ಷ ಅದೇ ಯಂತ್ರಕ್ಕೆ ಹಾರ ಹಾಕುವ ಭರವಸೆಯೂ ಅವನಿಗಿರುವುದಿಲ್ಲ. ಆಂತರಿಕ ಪ್ರತಿಫಲ ಒಣಗುವುದು ಇಲ್ಲಿಯೇ ಹೊರತು ಕಾರ್ಮಿಕನ ಶ್ರದ್ಧೆ ಕಡಿಮೆಯಾಗಿ ಅಲ್ಲ. ಸುತ್ತೂರು ಜಾತ್ರೆಯ ದಾಸೋಹದಲ್ಲಿ ಕೂಲಿಯ ಮಾತೇ ಎತ್ತದೆ ಗಂಟೆಗಟ್ಟಲೆ ಬಡಿಸುವವರನ್ನು ಕಂಡವರಿಗೆ ಈ ನಾಡಿನ ಜನರಲ್ಲಿ ಶ್ರದ್ಧೆಯ ಕೊರತೆಯಿದೆಯೆಂದು ಹೇಳಲು ಬಾಯಿ ಬಾರದು.

ಗೀತೆಯ ನಿಷ್ಕಾಮ ಕರ್ಮ, ಅಂದರೆ ಫಲದ ಮೇಲಿನ ಆಸೆಯನ್ನು ಬಿಟ್ಟು ಕರ್ತವ್ಯ ನಡೆಸುವ ತತ್ತ್ವ, ಸಾಧಕನು ತನಗೆ ತಾನೇ ಹಾಕಿಕೊಳ್ಳುವ ಶಿಸ್ತು. ಮಾಲೀಕನು ಅದನ್ನು ಕೂಲಿಯಾಳಿಗೆ ಬೋಧಿಸತೊಡಗಿದರೆ ತತ್ತ್ವದ ದಿಕ್ಕೇ ತಿರುಗಿಬಿಡುತ್ತದೆ, ಏಕೆಂದರೆ ಆಗ ಒಬ್ಬನು ಬಿಟ್ಟ ಫಲ ಇನ್ನೊಬ್ಬನ ಲಾಭವಾಗುತ್ತದೆ. ಲಕ್ಕಮ್ಮ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ್ದು ತನ್ನ ಮನೆಯ ಅಂದಿನ ಅಗತ್ಯ ತುಂಬಿದ ಮೇಲೆ, ಮತ್ತು ಹಾಗೆ ಕಳುಹಿಸಲು ಬಸವಣ್ಣನಾಗಲಿ ಬೇರೆ ಯಾರಾಗಲಿ ಅವಳಿಗೆ ಹೇಳಿರಲಿಲ್ಲ. ಕಾಯಕದ ಹೆಸರನ್ನು ಗೋಡೆಯ ಮೇಲೆ ಬರೆಸುವ ಕಾರ್ಖಾನೆ ಮೊದಲು ಸಂಸಾರ ನಡೆಯುವಷ್ಟು ಸಂಬಳವನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು. ಆಮೇಲೆ, ಬಿಡಿಭಾಗದಲ್ಲಿ ದೋಷ ಕಂಡ ಕೂಡಲೇ ಸೂಪರ್‌ವೈಸರನನ್ನು ಕೇಳದೆಯೇ ಯಂತ್ರ ನಿಲ್ಲಿಸುವ ಅಧಿಕಾರವನ್ನು ಆಪರೇಟರನಿಗೆ ಕೊಡಬೇಕು.