ಒತ್ತೆಯಾಳುಗಳ ಮೇಲೆ ನಿಂತ ಶಾಂತಿ

ಶತ್ರು ಅಣ್ವಸ್ತ್ರ ಪ್ರಯೋಗಿಸಿದರೆ ಅವನ ನಾಡನ್ನೇ ಭಸ್ಮ ಮಾಡುವುದಾಗಿ ಮೊದಲೇ ಸಾರಿ, ಆ ಭಯದಿಂದ ಅವನ ಕೈಯನ್ನು ಕಟ್ಟಿಹಾಕುವ ಕ್ರಮಕ್ಕೆ ಅಣ್ವಸ್ತ್ರ ಪ್ರತಿಬಂಧಕ ನೀತಿ ಎಂದು ಹೆಸರು. ಇದರ ರಾಜಕೀಯ ಲಾಭನಷ್ಟಗಳ ಚರ್ಚೆ ಬಹಳ ನಡೆದಿದೆಯಾದರೂ ಬುಡದಲ್ಲಿರುವುದು ಧರ್ಮದ ಪ್ರಶ್ನೆ: ಮಾಡಿದರೆ ಮಹಾಪಾಪವಾಗುವ ಕೃತ್ಯವನ್ನು ಮಾಡಿಯೇ ತೀರುತ್ತೇವೆಂದು ಸಂಕಲ್ಪಿಸುವುದು, ಆ ಸಂಕಲ್ಪ ಎಂದೂ ಕಾರ್ಯರೂಪಕ್ಕೆ ಬಾರದಿರಲಿ ಎಂಬ ಹಾರೈಕೆ ಜೊತೆಗಿದ್ದರೂ, ಪಾಪವಲ್ಲವೇ?

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದವರು ಅಮೆರಿಕದ ಕ್ಯಾಥೊಲಿಕ್ ಧರ್ಮಾಧ್ಯಕ್ಷರು. 1983ರ ಮೇ 3ರಂದು ಶಿಕಾಗೊದಲ್ಲಿ 238ಕ್ಕೆ 9 ಮತಗಳಿಂದ ಅವರು ಅಂಗೀಕರಿಸಿದ ಧರ್ಮಪತ್ರವು, ನಗರಗಳ ಮೇಲಿನ ಅಣ್ವಸ್ತ್ರ ದಾಳಿಯನ್ನು, ನಮ್ಮ ನಗರಗಳು ಆಗಲೇ ನಾಶವಾಗಿದ್ದರೂ ಸಹ, ಸಂಪೂರ್ಣವಾಗಿ ನಿಷೇಧಿಸಿತು. ಆದರೆ ಅಸ್ತ್ರಗಳನ್ನು ಇಟ್ಟುಕೊಳ್ಳುವುದನ್ನು, ನಿಶ್ಶಸ್ತ್ರೀಕರಣದ ಕಡೆಗಿನ ಹೆಜ್ಜೆಯಾಗಿ ಮಾತ್ರ, ಷರತ್ತಿನ ಮೇಲೆ ಸಹಿಸಿತು. ಜಾನ್ ಫಿನ್ನಿಸ್, ಜೋಸೆಫ್ ಬಾಯ್ಲ್ ಮತ್ತು ಜರ್ಮೇನ್ ಗ್ರೀಸೆ 1987ರ ತಮ್ಮ ಗ್ರಂಥದಲ್ಲಿ ಇದನ್ನು ಒಪ್ಪಲಿಲ್ಲ. ನಿರಪರಾಧಿಗಳನ್ನು ಕೊಲ್ಲುವ ಷರತ್ತುಬದ್ಧ ಸಂಕಲ್ಪವೂ ಕೊಲ್ಲುವ ಸಂಕಲ್ಪವೇ ಎಂಬುದು ಅವರ ವಾದ. ಬೆದರಿಕೆ ಬರೀ ಹುಸಿಯಾಗಿರಬಹುದಲ್ಲ ಎಂಬ ಸಮಾಧಾನಕ್ಕೂ ಇಲ್ಲಿ ಎಡೆಯಿಲ್ಲ. ಮಿನಿಟ್‌ಮನ್ ಎಂಬ ಅಮೆರಿಕದ ಅಣ್ವಸ್ತ್ರ ಕ್ಷಿಪಣಿಗಳ ನೆಲದಡಿಯ ಕೋಣೆಯಲ್ಲಿ ಇಬ್ಬರು ಅಧಿಕಾರಿಗಳು, ಎರಡೂ ಕೀಲಿಗಳು ಒಬ್ಬನ ಕೈಗೇ ಎಟುಕದಷ್ಟು ದೂರದಲ್ಲಿ ಕುಳಿತು, ಏಕಕಾಲಕ್ಕೆ ಕೀಲಿ ತಿರುಗಿಸಬೇಕು. ಅಧ್ಯಕ್ಷನೊಬ್ಬ ಮನಸ್ಸಿನಲ್ಲೇ ಹುಸಿ ನುಡಿಯಬಲ್ಲನಾದರೂ, ಆಜ್ಞೆ ಬಂದೊಡನೆ ತಿರುಗಿಸುವಂತೆ ಆ ಕೈಗಳನ್ನು ವರ್ಷಗಟ್ಟಲೆ ಪಳಗಿಸಿದ ವ್ಯವಸ್ಥೆ ಹುಸಿಯಾಗಿರಲಾರದು.

ಮೆಥಡಿಸ್ಟ್ ಧರ್ಮಚಿಂತಕ ಪಾಲ್ ರ‍್ಯಾಮ್ಸೆ ಇದಕ್ಕೊಂದು ಹೋಲಿಕೆ ಕೊಟ್ಟಿದ್ದರು: ರಸ್ತೆ ಅಪಘಾತ ತಡೆಯಲೆಂದು ಪ್ರತಿ ಕಾರಿನ ಮುಂಭಾಗಕ್ಕೂ ಒಂದೊಂದು ಹಸುಗೂಸನ್ನು ಕಟ್ಟಿದರೆ ಎಲ್ಲರೂ ಎಚ್ಚರದಿಂದ ಓಡಿಸಿಯಾರು, ಯಾರೂ ಸಾಯದಿರಬಹುದು; ಆದರೂ ಹಾಗೆ ಕಟ್ಟಿದ್ದು ಸರಿಯೆಂದು ಯಾರೂ ಹೇಳಲಾರರು. ಸರ್ವಾಧಿಕಾರಿಯ ವಿಷಯದಲ್ಲಿ ಈ ಹೋಲಿಕೆ ಇನ್ನಷ್ಟು ಕಟುವಾಗುತ್ತದೆ. ತನ್ನ ಪ್ರಜೆಗಳನ್ನೇ ಸೆರೆಯಲ್ಲಿಟ್ಟವನನ್ನು ಹೆದರಿಸಲು ಒತ್ತೆ ಇಡುವುದು ಆ ಸೆರೆಯಾಳುಗಳನ್ನೇ. ಅವನ ದೌರ್ಜನ್ಯಕ್ಕೆ ಮೊದಲು ಬಲಿಯಾದವರೇ ಅವನ ಅಪರಾಧಕ್ಕೂ ದಂಡ ತೆರಬೇಕಾಗುತ್ತದೆ. ಭಯೋತ್ಪಾದಕನ ಮುಂದಂತೂ ಈ ನೀತಿಯ ತರ್ಕವೇ ಕುಸಿಯುತ್ತದೆ: ಸಾವನ್ನೇ ಅರಸಿ ಬಂದವನಿಗೆ ಸಾವಿನ ಭಯ ಹಾಕಲಾಗದು, ನಾಡೇ ಇಲ್ಲದ ಸಂಘಟನೆಯ ಯಾವ ಊರನ್ನು ಸುಡುವುದಾಗಿ ಸಾರುವುದು?

ಇಂಥ ಅಸ್ತ್ರ ಕೊನೆಗೆ ನಿರಪರಾಧಿಯ ಮೇಲೆಯೇ ಬೀಳುತ್ತದೆಂಬುದನ್ನು ಮಹಾಭಾರತದ ಸೌಪ್ತಿಕ ಪರ್ವ ಬಹು ಹಿಂದೆಯೇ ಕಂಡಿತ್ತು. ನಿದ್ರಿಸುತ್ತಿದ್ದವರನ್ನು ಇರುಳಿನಲ್ಲಿ ಕೊಂದ ಅಶ್ವತ್ಥಾಮನ ಅಸ್ತ್ರಕ್ಕೆ ಅರ್ಜುನನೂ ಎದುರಸ್ತ್ರ ಹೂಡುತ್ತಾನೆ. ವ್ಯಾಸ ನಾರದರು ನಡುವೆ ನಿಂತಾಗ ಅರ್ಜುನ ತನ್ನದನ್ನು ಹಿಂತೆಗೆದುಕೊಳ್ಳುತ್ತಾನೆ, ಅಶ್ವತ್ಥಾಮನಿಗೆ ಅದು ಸಾಧ್ಯವಾಗುವುದಿಲ್ಲ. ಮರಳಿಸಲಾಗದ ಆ ಅಸ್ತ್ರ ಕೊನೆಗೆ ಬಿದ್ದದ್ದು ಉತ್ತರೆಯ ಗರ್ಭದ ಮೇಲೆ, ಯುದ್ಧದಲ್ಲಿ ಯಾವ ಪಾಲೂ ಇಲ್ಲದ ಶಿಶುವಿನ ಮೇಲೆ.

ಎದುರುವಾದ ಹಗುರವಾದುದಲ್ಲ. ಲಿಬಿಯಾದ ಗಡಾಫಿ 2003ರಲ್ಲಿ ತನ್ನ ಅಣ್ವಸ್ತ್ರ ಯೋಜನೆಯನ್ನು ಕೈಬಿಟ್ಟು 2011ರಲ್ಲಿ ಪದಚ್ಯುತನಾಗಿ ಹತನಾದ. 1994ರಲ್ಲಿ ಭದ್ರತೆಯ ಭರವಸೆ ನಂಬಿ ಸೋವಿಯತ್ ಅಸ್ತ್ರಗಳನ್ನು ಒಪ್ಪಿಸಲು ಒಪ್ಪಿದ ಉಕ್ರೇನಿನ ಮೇಲೆ 2022ರಲ್ಲಿ ರಷ್ಯಾ ಪೂರ್ಣಪ್ರಮಾಣದಲ್ಲಿ ದಾಳಿ ಮಾಡಿತು. ಇದನ್ನು ಕಂಡ ದುರ್ಬಲ ರಾಷ್ಟ್ರಗಳು ಯಾವ ಪಾಠ ಕಲಿತಿರಬಹುದೆಂದು ಊಹಿಸುವುದು ಕಷ್ಟವಲ್ಲ. ಆದರೆ ಇವು ತೋರುವುದು ಭಯ ಫಲ ಕೊಡಬಹುದೆಂಬುದನ್ನೇ ಹೊರತು, ಹಸುಗೂಸನ್ನು ಕಟ್ಟಬಹುದೆಂಬುದನ್ನಲ್ಲ. ದುಷ್ಟನನ್ನು ತಡೆಯಬೇಕು, ಅಗತ್ಯಬಿದ್ದರೆ ಶಸ್ತ್ರದಿಂದಲೂ. ಆ ಶಸ್ತ್ರ ಅವನತ್ತ, ಅವನ ಸೈನ್ಯದತ್ತ ತಿರುಗಿರಬೇಕು.

1983ರ ಷರತ್ತಿನ ಅನುಮತಿ ತಾತ್ಕಾಲಿಕವಾಗಿತ್ತು. 2017ರ ನವೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಅಣ್ವಸ್ತ್ರಗಳನ್ನು ಹೊಂದಿರುವುದನ್ನೇ ಖಂಡಿಸಿದರು. 2019ರಲ್ಲಿ ಹಿರೋಷಿಮಾದಲ್ಲಿ ನಿಂತು ಅದನ್ನು ಅನೈತಿಕವೆಂದರು. ಭಾರತದ ಓದುಗನಿಗೆ ಇದು ದೂರದ ಧರ್ಮಸಭೆಯ ಮಾತಾಗಿ ಉಳಿಯಬಾರದು. ತಾನಾಗಿ ಮೊದಲು ಪ್ರಯೋಗಿಸುವುದಿಲ್ಲ ಎಂಬ ಭಾರತದ ವಚನ ಗೌರವಾರ್ಹವೇ. ಆದರೆ 2003ರ ಜನವರಿ 4ರಂದು ಪ್ರಕಟವಾದ ಅದೇ ನೀತಿಯು ಪ್ರತೀಕಾರ ಭಾರಿ ಪ್ರಮಾಣದ್ದಾಗಿರುತ್ತದೆ ಎಂದೂ ಹೇಳುತ್ತದೆ, ಮತ್ತು ಆ ಮಾತನ್ನು ಆಡಿರುವುದು ಈ ದೇಶದ ಪ್ರತಿಯೊಬ್ಬ ಪ್ರಜೆಯ ಹೆಸರಿನಲ್ಲಿ.